ಹೇಳಗೊಡದ ಮಾತು

ಹೆದ್ದಾರಿಯ ನೀಲಿ ಫಲಕದ ಮೇಲಿದ್ದ ಪರ್ತ್ ಎಂಬ ಹೆಸರನ್ನು ಮೊದಲು ಓದಿದವಳು ಮಧುರಾ. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವ ವಯಸ್ಸು ಅವಳದು. ಆಸ್ಟ್ರೇಲಿಯಾದ ಆ ತುದಿಯಲ್ಲಿರಬೇಕಾದ ಊರು ಎಡಿನ್‌ಬರೊ ಪಕ್ಕದಲ್ಲಿ ಹೇಗೆ ಬಂತು ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಪ್ರವಾಸದ ಮಿನಿಬಸ್ಸಿನಲ್ಲಿದ್ದ ಏಳೆಂಟು ಮಂದಿಯೂ ನಕ್ಕರು. ಬಸ್ಸು ಓಡಿಸುತ್ತಲೇ ಮೈಕಿನಲ್ಲಿ ಕಥೆ ಹೇಳುತ್ತಿದ್ದ ಇಯನ್, ಮೂಲದ ಪರ್ತ್ ಇದೇ, ನಿಮ್ಮವರು ನಮ್ಮ ಹೆಸರನ್ನು ಕದ್ದುಕೊಂಡು ಹೋದರು ಎಂದ. ಅವನ ತಮ್ಮ ಆ ಪರ್ತಿನ ಥಾರ್ನ್ಲಿಯಲ್ಲಿ ಮನೆ ಮಾಡಿಕೊಂಡಿದ್ದಾನಂತೆ. ನೀವೂ ಅಲ್ಲಿಯವರೇನು ಎಂದು ಕನ್ನಡಿಯಲ್ಲಿ ಮಗುವನ್ನು ನೋಡಿ ಕೇಳಿದ.

"ನೋ, ಬ್ರಿಸ್ಬೇನ್," ಎಂದಳು ಮಧುರಾ. "ಬಟ್ ವೀ ಆರ್ ಮೂವಿಂಗ್ ಟು ಅಡಿಲೇಡ್. ಟು ಕೌಸ್ತುಭ್ ಅಂಕಲ್ಸ್ ಹೌಸ್."

ಪಕ್ಕದಲ್ಲಿ ಕೂತಿದ್ದ ಅಜ್ಜಿ ದಾಕ್ಷಾಯಣಮ್ಮ ತಲೆ ತಿರುಗಿಸಲಿಲ್ಲ. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಈ ಮಾತು ಅರ್ಥವಾಗಲು ಅಷ್ಟು ಸಾಕಿತ್ತು. ಸೊಸೆ ತನುಶ್ರೀ ಹಿಂದಿನ ಸಾಲಿನಲ್ಲಿ ಕೆನಡಾದ ಹೆಂಗಸೊಬ್ಬಳ ಪಕ್ಕ ಕೂತು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅವಳಿಗೆ ಏನೂ ಕೇಳಿಸಿರಲಿಲ್ಲ.

ದಾಕ್ಷಾಯಣಮ್ಮನಿಗೆ ಕೌಸ್ತುಭ್ ಗೊತ್ತಿಲ್ಲದವನೇನೂ ಅಲ್ಲ. ಯುಗಾದಿ ಕಾರ್ಯಕ್ರಮಕ್ಕೆಂದು ಅಡಿಲೇಡಿನಿಂದ ಬ್ರಿಸ್ಬೇನಿಗೆ ಬಂದವನು ಕ್ಯಾಲಮ್‌ವೇಲಿನ ಅವರ ಮನೆಗೂ ಬಂದಿದ್ದ. ಅಕ್ಕಿರೊಟ್ಟಿಯನ್ನು ಕೇಳಿ ಕೇಳಿ ಹಾಕಿಸಿಕೊಂಡು ತಿಂದಿದ್ದ. ಅಡುಗೆಮನೆಯಲ್ಲಿ ಎಷ್ಟೋ ದಿನದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಯಾರೂ ಹೇಳದೆಯೇ ಬಿಚ್ಚಿ ಸರಿಮಾಡಿ ಹೋಗಿದ್ದ. ಒಳ್ಳೆ ಹುಡುಗ ಎಂದು ಆಮೇಲೆ ಅವರೇ ತನುಶ್ರೀಗೆ ಹೇಳಿದ್ದರು. ಈಗ ಆ ಮಾತು ನೆನಪಾಗಿ ನಾಲಿಗೆ ಕಹಿಯಾಯಿತು. ನಲ್ಲಿ ರಿಪೇರಿ ಮಾಡುವಾಗ ಅವನು ಕೂತಿದ್ದ ನೆಲ ಮಗ ಪ್ರಜ್ವಲ ಕೂತು ಊಟ ಮಾಡುತ್ತಿದ್ದ ಜಾಗ.

ಪ್ರಜ್ವಲ ಹೋಗಿ ಮೂರು ವರ್ಷ ಆಗಿತ್ತು. ಒಂದು ಬೆಳಿಗ್ಗೆ ನಾರ್ತ್ ಲೇಕ್ಸ್‌ನಲ್ಲಿ ಕಟ್ಟುತ್ತಿದ್ದ ಕಟ್ಟಡದ ಕೆಲಸಕ್ಕೆಂದು ಹೋದವನು, ತಲೆನೋವು ಅನ್ನುತ್ತ ಕುಸಿದು ಕೂತವನು, ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ದಾಕ್ಷಾಯಣಮ್ಮ ಸೊಸೆಯ ಮನೆಯಲ್ಲಿ ಉಳಿದುಕೊಂಡರು. ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದ ತನುಶ್ರೀ ಬೆಳಿಗ್ಗೆ ಬೇಗ ಹೊರಟರೆ, ಮಗುವನ್ನು ಎಬ್ಬಿಸಿ, ಜಡೆ ಹಾಕಿ, ಸ್ಕೂಲಿಗೆ ಬಿಟ್ಟು ಬರುವವರು ಅಜ್ಜಿ. ಹಗಲು ಹೊಲಿಗೆ ಮೆಷಿನ್ ಮುಂದೆ ಕೂತು ಅಕ್ಕಪಕ್ಕದವರ ಪ್ಯಾಂಟು ಗಿಡ್ಡ ಮಾಡಿಕೊಡುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಂದೊಬ್ಬರು ಅತ್ತದ್ದು ಕಡಿಮೆ. ಆದರೆ ಒಬ್ಬಳು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡರೆ ಇನ್ನೊಬ್ಬಳಿಗೆ ಯಾಕೆಂದು ತಿಳಿಯುತ್ತಿತ್ತು. ಎಡಿನ್‌ಬರೊದಲ್ಲಿ ಆಸ್ಪತ್ರೆಯ ತರಬೇತಿಗೆ ಹೋಗಬೇಕಾಗಿ ಬಂದಾಗ, ಮಗಳಿಗೂ ರಜ ಇದೆ, ನೀವೂ ಬನ್ನಿ ಎಂದು ತನುಶ್ರೀ ಹಟ ಹಿಡಿದು ಅತ್ತೆಯನ್ನು ಹೊರಡಿಸಿದ್ದಳು. ಆ ಹಟ ಯಾಕಿತ್ತೆಂದು ದಾಕ್ಷಾಯಣಮ್ಮನಿಗೆ ಈಗ ಹೊಳೆಯಿತು. ಮನೆಯಲ್ಲಿ ಹೇಳಲಾಗದ್ದನ್ನು ದೂರದಲ್ಲಿ ಹೇಳುವುದಕ್ಕೆ.

ಬಸ್ಸು ಹೆದ್ದಾರಿ ಬಿಟ್ಟು ಸರೋವರವೊಂದರ ದಂಡೆಗೆ ಇಳಿಯಿತು. ಇಲ್ಲಿಯವರು ಸರೋವರಕ್ಕೆ ಲಾಖ್ ಅನ್ನುತ್ತಾರೆ. ನಡುವಿನ ದ್ವೀಪದ ಮೇಲೆ ಬೂದು ಕಲ್ಲಿನ ಹಳೇ ಕೋಟೆ. ಸಣ್ಣ ದೋಣಿಯಲ್ಲಿ ಎಲ್ಲರನ್ನೂ ದಾಟಿಸಿದರು. ಗಾಳಿ ಬೇಸಗೆಯದಾದರೂ ಕಿವಿ ಕೊರೆಯುವಂತಿತ್ತು. ದಾಕ್ಷಾಯಣಮ್ಮ ಸೀರೆಯ ಮೇಲೆ ಹಾಕಿಕೊಂಡಿದ್ದ ಮಗನ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಎಳೆದುಕೊಂಡರು. ಇಯನ್ ಗೋಪುರದ ಕೆಳಗೆ ನಿಂತು, ಒಬ್ಬ ರಾಣಿಯನ್ನು ವರ್ಷದ ಹತ್ತಿರ ಇಲ್ಲಿ ಕೂಡಿಹಾಕಿದ್ದರೆಂದೂ, ಹೆದರಿಸಿ ಸಿಂಹಾಸನ ಬಿಟ್ಟುಕೊಡುವ ಪತ್ರಕ್ಕೆ ರುಜು ಹಾಕಿಸಿದರೆಂದೂ, ಆಮೇಲೆ ಅವಳು ದೋಣಿ ಹತ್ತಿ ತಪ್ಪಿಸಿಕೊಂಡಳೆಂದೂ ಹೇಳಿದ. ಅವಳ ಮೇಲೆ ಕಣ್ಣಿಟ್ಟಿದ್ದವರಲ್ಲಿ ಆ ಮನೆಯ ಹಿರಿಯ ಹೆಂಗಸೂ ಒಬ್ಬಳಂತೆ. ಮಧುರಾ ಅದನ್ನೆಲ್ಲ ತನ್ನ ಅರೆಬರೆ ಕನ್ನಡದಲ್ಲಿ ಅಜ್ಜಿಗೆ ಹೇಳಿ, ಹುಲ್ಲಿನ ಮೇಲೆ ಓಡಿದಳು.

ತನುಶ್ರೀ ಹತ್ತಿರ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿದ್ದ ಟೋಪಿಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು.

"ಅತ್ತೆ, ನಿಮ್ಹತ್ರ ಒಂದು ವಿಷ್ಯ ಮಾತಾಡ್ಬೇಕಿತ್ತು."

ದಾಕ್ಷಾಯಣಮ್ಮ ಗೋಪುರದ ಮೆಟ್ಟಿಲನ್ನೇ ನೋಡುತ್ತ, "ಪ್ರಜ್ವಲ ಇದ್ದಿದ್ರೆ ಈ ಮೆಟ್ಲೆಲ್ಲ ಎರಡೆರಡು ಹಾರ್ಕೊಂಡು ಹತ್ತಿರೋನು, ಅಲ್ವೇನೇ?" ಎಂದರು.

ತನುಶ್ರೀ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಟೋಪಿಯನ್ನು ತಲೆಗೆ ಹಾಕಿಕೊಂಡು, "ಹೌದು ಅತ್ತೆ," ಎಂದಳು.

ಸೊಸೆಯ ಮಾತು ತಡೆಯುವುದು ಅಷ್ಟು ಸುಲಭವೆಂದು ದಾಕ್ಷಾಯಣಮ್ಮನಿಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಹಳ್ಳಿಯೊಂದರ ಸೇತುವೆಯ ಬಳಿ ಬೆಂಚಿನ ಮೇಲೆ ಕೂತು ಚಪಾತಿ ಬಿಚ್ಚಿದಾಗ ತನುಶ್ರೀ ಮತ್ತೆ ಮಾತಿಗೆ ಮೊದಲಿಟ್ಟಳು. ಮಧುರಾಳ ಮುಂದಿನ ವರ್ಷದ ಸ್ಕೂಲಿನಿಂದ ಶುರುಮಾಡಿದಳು. ಅತ್ತೆ ಉಪ್ಪಿನಕಾಯಿ ಬಡಿಸುತ್ತ, ಪ್ರಜ್ವಲ ಮೊದಲ ದಿನ ಸ್ಕೂಲಿಗೆ ಹೋದಾಗ ಹೇಗೆ ಅತ್ತಿದ್ದ ಎಂಬ ಕಥೆ ತೆಗೆದರು. ಹತ್ತಾರು ಸಲ ಹೇಳಿದ ಕಥೆಯೇ. ತನುಶ್ರೀ ಚಪಾತಿಯನ್ನು ಅರ್ಧಕ್ಕೆ ಬಿಟ್ಟಳು. ಆಮೇಲೆ ಬಸ್ಸು ಹತ್ತುವಾಗ ಅತ್ತೆಯ ಮೊಣಕೈ ಹಿಡಿದು ಏನೋ ಅನ್ನಲು ಹೋದಳು. ಅತ್ತೆ ಜಾಕೆಟ್ಟಿನ ತೋಳು ನೇವರಿಸಿಕೊಂಡು, ಇದನ್ನ ಅವನು ಎಷ್ಟು ಇಷ್ಟಪಟ್ಟು ತಗೊಂಡಿದ್ದ ಅಂದರು. ಸೊಸೆಯ ಕೈ ಮೊಣಕೈಯಿಂದ ಜಾರಿತು.

ಲಾಖ್ ಟೇ ದಂಡೆಯಲ್ಲಿ ಫೋಟೋ ತೆಗೆಯಲು ಇಳಿಸಿದರು. ಉದ್ದಕ್ಕೆ ಮಲಗಿದ ನೀರು, ಅದರಾಚೆ ಮೋಡ ಹೊದ್ದ ಗುಡ್ಡ. ಮಧುರಾ ಕಲ್ಲು ಆರಿಸುತ್ತಿದ್ದಳು. ದಾಕ್ಷಾಯಣಮ್ಮ ಕಾಲುನೋವೆಂದು ಒಂದು ದೊಡ್ಡ ಮರದ ಬುಡದಲ್ಲಿ ಕೂತರು. ಮರದ ಆಚೆ ಬದಿಗೆ ತನುಶ್ರೀ ಬಂದದ್ದು, ಅತ್ತೆ ಅಲ್ಲಿರುವುದು ತಿಳಿಯದೆ ಫೋನಿನಲ್ಲಿ ಮಾತಾಡಿದ್ದು, ಪೂರ್ತಿ ಕೇಳಿಸಿತು.

"ಇಲ್ಲ ಕೌಸ್ತುಭ್, ಹೇಳಕ್ಕೆ ಆಗ್ಲಿಲ್ಲ. ಆಗೋದೂ ಇಲ್ಲ. ಅವರು ಇನ್ನೂ ಅವನ ಜೊತೆನೇ ಇದಾರೆ. ನೀವು ಕರೆದ್ರೂ ಅವರು ಬರಲ್ಲ, ನಾನು ಬಂದ್ಬಿಟ್ರೆ ಯಾರ ಜೊತೆ ಇರ್ತಾರೆ?" ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡಳು. "ಕಾಯ್ಬೇಡಿ. ಬೇಡ, ಬಿಟ್ಬಿಡಿ. ನಾನು ಯೋಚನೆ ಮಾಡೇ ಹೇಳ್ತಿರೋದು."

ಫೋನಿಟ್ಟ ಮೇಲೆ ಅವಳು ಅಳಲಿಲ್ಲ. ನೀರಿನ ಹತ್ತಿರ ಹೋಗಿ ಮಗಳ ಜೊತೆ ಕೂತು ಕಲ್ಲು ಆರಿಸಿದಳು.

ಗೆದ್ದೆ ಎಂದು ದಾಕ್ಷಾಯಣಮ್ಮನಿಗೆ ಮೊದಲು ಅನ್ನಿಸಿದ್ದು ನಿಜ. ಮಗು ಎಲ್ಲೂ ಹೋಗುವುದಿಲ್ಲ, ಬೆಳಿಗ್ಗೆ ಜಡೆ ಹಾಕುವುದು ತಪ್ಪುವುದಿಲ್ಲ. ಆದರೆ ಎದೆಯಲ್ಲಿ ಹಗುರವಾಗಬೇಕಾದದ್ದು ಆಗಲಿಲ್ಲ. ಬೆಳಗಿನಿಂದ ತಾವು ಆಡಿದ ಮಾತುಗಳನ್ನು ಒಂದೊಂದಾಗಿ ನೆನೆದುಕೊಂಡರು. ಆ ದನಿ, ಕೇಳಿಸದವರಂತೆ ಬೇರೆಲ್ಲೋ ನೋಡುವ ಆ ರೀತಿ, ತಮ್ಮದಾಗಿರಲಿಲ್ಲ. ಎಲ್ಲೋ ಕಂಡದ್ದು. ಎಲ್ಲಿ ಎಂದು ತಿಳಿದಾಗ ಅವರು ಮರಕ್ಕೆ ಕೈಯೂರಿ ಎದ್ದು ನಿಂತರು.

ನಂಜನಗೂಡಿನಲ್ಲಿ ಅವರು ಹೊಲಿಗೆ ಟೀಚರಾಗಿದ್ದ ಕಾಲ. ಗಂಡ ಕಾಮಾಲೆಯಲ್ಲಿ ತೀರಿಕೊಂಡಿದ್ದರು, ಪ್ರಜ್ವಲ ಇನ್ನೂ ಚಡ್ಡಿ ಹಾಕುತ್ತಿದ್ದ. ಅದೇ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಈಶ್ವರಪ್ಪ ಒಂದು ಸಂಜೆ ಸ್ಟಾಫ್ ರೂಮಿನಲ್ಲಿ, ತಲೆ ಎತ್ತದೆ, ಪೆನ್ಸಿಲ್ ಹೆರೆಯುತ್ತಲೇ ಮದುವೆಯಾಗುತ್ತೀರಾ ಎಂದು ಕೇಳಿದ್ದರು. ಮಗನನ್ನು ನನ್ನ ಮಗನ ಹಾಗೇ ನೋಡಿಕೊಳ್ಳುತ್ತೇನೆ ಎಂದಿದ್ದರು. ದಾಕ್ಷಾಯಣಿ ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಬಂದಿದ್ದಳು. ಅವಳ ಅತ್ತೆ ಒಮ್ಮೆಯೂ ಬೇಡ ಅನ್ನಲಿಲ್ಲ. ಯಾರಿಂದಲೋ ವಿಷಯ ಅವರ ಕಿವಿಗೆ ಬಿದ್ದಿತ್ತು, ಅಷ್ಟೇ. ದಾಕ್ಷಾಯಣಿ ಬಾಯಿ ತೆಗೆದಾಗಲೆಲ್ಲ, ತೀರಿಹೋದ ಮಗನ ಮಾತೆತ್ತಿ, ಅವನಿಗೆ ಈ ಸಾರು ಅಂದ್ರೆ ಪ್ರಾಣ ಅನ್ನುತ್ತಿದ್ದರು, ಅವನಿದ್ದಿದ್ದರೆ ಈ ಸೂರು ಸೋರುತ್ತಿರಲಿಲ್ಲ ಅನ್ನುತ್ತಿದ್ದರು. ಎರಡು ತಿಂಗಳು ಹಾಗೇ ಕಳೆಯಿತು. ಈಶ್ವರಪ್ಪ ವರ್ಗ ಮಾಡಿಸಿಕೊಂಡು ಹೋದರು. ಇದನ್ನು ದಾಕ್ಷಾಯಣಮ್ಮ ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಮಗನಿಗಂತೂ ಇಲ್ಲವೇ ಇಲ್ಲ.

ಬಸ್ಸು ಹೊರಟಿತು. ಲಾಖಿನ ದಕ್ಷಿಣ ದಂಡೆಯ ಈ ದಾರಿ ಬಹಳ ಕಿರಿದು. ಒಂದು ಗಾಡಿಗಷ್ಟೇ ಜಾಗ. ಮಧುರಾ ಕಿಟಕಿಗೆ ಒರಗಿ ನಿದ್ದೆ ಹೋದಳು. ದಾಕ್ಷಾಯಣಮ್ಮ ಮೊಮ್ಮಗಳ ಬೆಲ್ಟು ಸರಿಮಾಡಿ, ಎದ್ದು, ಸೀಟುಗಳನ್ನು ಹಿಡಿದುಕೊಂಡು ಹಿಂದೆ ಹೋದರು. ಕೆನಡಾದ ಹೆಂಗಸಿಗೆ ತಮ್ಮ ಜಾಗವನ್ನು ಸನ್ನೆಯಲ್ಲಿ ತೋರಿಸಿದರು. ಅವಳು ನಗುತ್ತ ಎದ್ದುಹೋದಳು. ದಾಕ್ಷಾಯಣಮ್ಮ ಸೊಸೆಯ ಪಕ್ಕ ಕೂತರು. ಸುತ್ತ ಅಷ್ಟು ಜನರಿದ್ದರೂ ಅವರ ಕನ್ನಡ ತಿಳಿಯುವವರು ಅಲ್ಲಿ ಯಾರೂ ಇರಲಿಲ್ಲ.

"ಅಡಿಲೇಡಲ್ಲಿ ಚಳಿ ಜಾಸ್ತಿನಾ?" ಎಂದು ಕೇಳಿದರು.

ತನುಶ್ರೀ ತಿರುಗಿ ನೋಡಿದಳು. "ಯಾರು ಹೇಳಿದ್ರು?"

"ನಿನ್ನ ಮಗಳು. ಪರ್ತ್ ಅಂತ ಬೋರ್ಡ್ ಬಂತಲ್ಲ, ಆಗ."

"ಹಾಗಾದ್ರೆ ಬೆಳಿಗ್ಗೆಯಿಂದ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಗೊತ್ತಿದ್ದೇ ನಿನ್ನ ಬಾಯಿ ಮುಚ್ಚಿಸ್ದೆ."

ತನುಶ್ರೀಯ ಮುಖ ಕೆಂಪಾಯಿತು. ಅತ್ತೆ ಹಿಡಿಯಲು ಬಂದಾಗ ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ನಾನು ಅವನನ್ನ ಮರ್ತೆ ಅಂದ್ಕೊಂಡ್ರಾ ಅತ್ತೆ? ನೀವು ಅವನ ಹೆಸರೆತ್ತಿದಾಗೆಲ್ಲ ನಾನೇ ಅವನನ್ನ ಕೊಂದಿರೋ ಹಾಗೆ ಆಗ್ತಿತ್ತು ನನಗೆ."

"ಗೊತ್ತು ಕಣೇ."

"ನಿಮಗೇನು ಗೊತ್ತು?"

ಆಗ ದಾಕ್ಷಾಯಣಮ್ಮ ಈಶ್ವರಪ್ಪನವರ ವಿಷಯ ಹೇಳಿದರು. ಹೆಚ್ಚೇನೂ ಹೇಳಲಿಲ್ಲ. "ನನ್ನನ್ನೂ ಒಬ್ರು ಕೇಳಿದ್ರು, ತನು. ಒಳ್ಳೆಯವರು. ನಮ್ಮತ್ತೆ ಬೇಡ ಅನ್ಲಿಲ್ಲ. ನಾನು ಇವತ್ತು ಮಾಡಿದ್ನಲ್ಲ, ಅದನ್ನೇ ಮಾಡಿದ್ರು."

ತನುಶ್ರೀ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುವುದನ್ನು ಅತ್ತೆ ನೋಡುತ್ತ ಕೂತರು, ಮುಟ್ಟಲು ಹೋಗಲಿಲ್ಲ. ಇಯನ್ ಮೈಕಿನಲ್ಲಿ ಯಾವುದೋ ಕುಲದವರ ಜಗಳದ ಕಥೆ ಹೇಳುತ್ತಿದ್ದ. ಮುಂದಿನವರು ನಗುತ್ತಿದ್ದರು. ಕೊನೆಗೆ ತನುಶ್ರೀ ಅಂಗೈಯಿಂದ ಮುಖ ಒರೆಸಿಕೊಂಡಳು.

"ನಾನು ಬೇಡ ಅಂದ್ಬಿಟ್ಟೆ ಅತ್ತೆ. ಈಗಷ್ಟೇ."

"ಕೇಳಿಸ್ತು. ತಿರುಗಿ ಫೋನ್ ಮಾಡು."

"ಅಲ್ಲೀಗ ನಡುರಾತ್ರಿ."

"ಆ ಹುಡುಗನಿಗೆ ನಿದ್ದೆ ಬಂದಿರುತ್ತಾ?"

ತನುಶ್ರೀ ಫೋನನ್ನು ಕೈಯಲ್ಲಿ ಹಿಡಿದು ಕೂತಳು. ನೀವೂ ನಮ್ಮ ಜೊತೆ ಬರಬೇಕು, ಕೌಸ್ತುಭ್ ಮೊದಲಿಂದಲೂ ಅದನ್ನೇ ಹೇಳುತ್ತಿದ್ದಾರೆ, ನಿಮ್ಮ ಮೆಷಿನ್ನಿಗೂ ಒಂದು ರೂಮಿದೆ ಎಂದಳು. ಬೇರೊಬ್ಬನ ಮನೆಯಲ್ಲಿ ಮಗನ ಫೋಟೋವನ್ನು ಯಾವ ಗೋಡೆಗೆ ಹಾಕುವುದು ಎಂದು ದಾಕ್ಷಾಯಣಮ್ಮನಿಗೆ ತಿಳಿಯಲಿಲ್ಲ. ಮಗುವಿನ ಜಡೆಯನ್ನು ಇನ್ನು ಯಾರು ಹಾಕುತ್ತಾರೆ ಎಂದುಕೊಳ್ಳುತ್ತ ಮುಂದೆ ನಿದ್ದೆಹೋಗಿದ್ದ ಮೊಮ್ಮಗಳನ್ನು ನೋಡಿದರು.

"ನನ್ನ ಮಾತು ಆಮೇಲೆ," ಎಂದರು. "ಮೊದಲು ಫೋನ್ ಮಾಡು."

ಬಸ್ಸು ನಿಧಾನವಾಯಿತು. ಎದುರಿನಿಂದ ಹುಲ್ಲಿನ ಉರುಳೆಗಳನ್ನು ಹೇರಿಕೊಂಡ ಟ್ರ್ಯಾಕ್ಟರ್ ಬರುತ್ತಿತ್ತು. ದಾರಿಯ ಎಡಕ್ಕೆ, ಇಂಥದ್ದಕ್ಕೆಂದೇ ಅಗಲ ಮಾಡಿದ್ದ ಜಾಗಕ್ಕೆ ಇಯನ್ ಬಸ್ಸನ್ನು ಹಿಂದೆ ತಂದು, ಬೇಲಿಯ ಕಡ್ಡಿಗಳು ಗಾಜನ್ನು ಕೆರೆಯುವಷ್ಟು ಅಂಚಿಗೆ ಒತ್ತಿ ನಿಲ್ಲಿಸಿದ. ತನುಶ್ರೀ ಫೋನನ್ನು ಕಿವಿಗಿಟ್ಟುಕೊಂಡಿದ್ದಳು. ಟ್ರ್ಯಾಕ್ಟರ್ ತೂಗುತ್ತ, ತೀರ ಹತ್ತಿರದಿಂದ, ಅವರನ್ನು ದಾಟಿ ಹೋಯಿತು. ಓಡಿಸುತ್ತಿದ್ದ ಮುದುಕ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದ. ಅದರ ಹಿಂದೆ ಇನ್ನೊಂದು ಕಾರು ಬರುತ್ತಿತ್ತು. ಇಯನ್ ಎಂಜಿನ್ ಆರಿಸಿ, ಅದೂ ಹೋಗಲೆಂದು ಕಾದ.