ನಿನ್ನೆಯ ಊಟದ ಪಟ್ಟಿ

ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ ಆಯ್ತು ಅನ್ನಬೇಕು. ತಾಯಿಹಾಲಿನ ಜೊತೆಗೇ ನಾವು ಕಲಿಯುವ ಸುಳ್ಳು ಇದು. ಪಥ್ಯಾಹಾರದ ಓದಿನ ಕೊನೆಯ ವರ್ಷದಲ್ಲಿದ್ದ ಆ ಹುಡುಗಿಯೂ ದಿನಾ ಸಂಜೆ ಫೋನಿನಲ್ಲಿ ಅಮ್ಮನಿಗೆ ಅದನ್ನೇ ಹೇಳುತ್ತಿದ್ದಳು. "ಆಯ್ತಮ್ಮ, ಹೊಟ್ಟೆ ತುಂಬ ತಿಂದೆ." ಎದುರಿಗೆ ಎರಡು ಬಿಸ್ಕತ್ತು, ಆರಿದ ಟೀ. ಬಾಡಿಗೆ ಕೋಣೆಯಲ್ಲಿ ಒಲೆಯಿತ್ತು, ಪಾತ್ರೆಯಿತ್ತು, ಕಲಿತ ವಿದ್ಯೆಯಂತೂ ಬೇಕಾದಷ್ಟಿತ್ತು. ಆದರೆ ಒಬ್ಬಳಿಗೋಸ್ಕರ ಯಾರು ಬೇಯಿಸುತ್ತಾರೆ, ಬಿಡಿ! ಗುರುತಿನವರೇ ಇಲ್ಲದ ಊರಿಗೆ ಅವಳನ್ನು ಆರು ವಾರದ ತರಬೇತಿಗೆ ಹಾಕಿದ್ದರು.

ಆ ಬಡಾವಣೆಯ ಆರೋಗ್ಯ ಕೇಂದ್ರದಿಂದ ಒಂಟಿ ಮುದುಕರಿಗೆ ಮಧ್ಯಾಹ್ನದ ಊಟದ ಡಬ್ಬಿ ಹೋಗುತ್ತಿತ್ತು. ಎಲ್ಲರಿಗೂ ಅಲ್ಲ, ಸರಿಯಾಗಿ ತಿನ್ನದವರಿಗೆ ಮಾತ್ರ. ಯಾರು ತಿನ್ನುತ್ತಾರೆ, ಯಾರು ಇಲ್ಲ ಎಂದು ಬರೆದು ತರುವುದು ವಿದ್ಯಾರ್ಥಿಗಳ ಕೆಲಸ. ವಾರಕ್ಕೊಮ್ಮೆ ಮನೆಗೆ ಹೋಗಿ, ನಿನ್ನೆ ಬೆಳಗಿನಿಂದ ಮಲಗುವವರೆಗೆ ಏನೇನು ತಿಂದಿರಿ ಎಂದು ಕೇಳಬೇಕು. ಅಳತೆಯ ಬಟ್ಟಲು, ಚಮಚ ಮುಂದಿಟ್ಟು ಎಷ್ಟೆಂದು ಬರೆಯಬೇಕು. ಮೊದಲ ವಾರ ಮತ್ತು ಐದನೆಯ ವಾರ ತೂಕ ನೋಡಬೇಕು.

ಅವಳ ಪಾಲಿಗೆ ಬಂದವರಲ್ಲಿ ಮೂರನೇ ಮಹಡಿಯ ಹೊಲಿಗೆ ಅಜ್ಜಿ ಒಬ್ಬರು. ನಲವತ್ತು ವರ್ಷ ಊರಿನವರ ಬಟ್ಟೆ ಹೊಲಿದು, ಕಣ್ಣು ಮಂಜಾದ ಮೇಲೆ ಯಂತ್ರಕ್ಕೆ ಮುಸುಕು ಹಾಕಿ ಕೂತವರು. ಮೊದಲ ದಿನವೇ, "ಷರ್ಟಿನ ಗುಂಡಿಯಷ್ಟಿದ್ದೀಯಲ್ಲೇ, ನೀನು ನಂಗೆ ಊಟ ಹೇಳ್ಕೊಡ್ತೀಯಾ?" ಎಂದು ನಕ್ಕಿದ್ದರು. ಅಂದಿನಿಂದ ಅವಳು ಗುಂಡಿಯೇ.

ಮೊದಲ ಬುಧವಾರ ಅಜ್ಜಿಯ ಪಟ್ಟಿ ಸಾಧಾರಣವಾಗಿತ್ತು. ಟೀ, ಬ್ರೆಡ್ಡು, ಒಂದು ಮೊಟ್ಟೆ. ಮೊಟ್ಟೆ ಕೇಳಿದ್ದೇ ಹುಡುಗಿ, "ಭೇಷ್ ಅಜ್ಜಿ!" ಎಂದಳು. ಅಯ್ಯೋ ಪೆದ್ದಿ! ಪಟ್ಟಿ ಬರೆಯುವಾಗ ಮೆಚ್ಚಬಾರದು, ಮೂಗು ಮುರಿಯಬಾರದು, ಮುಖ ಖಾಲಿ ಇಟ್ಟುಕೊಳ್ಳಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ. ಆದರೆ ವಾರದಲ್ಲಿ ಅವಳ ಜೊತೆ ಬಾಯಿ ತುಂಬ ಮಾತಾಡುತ್ತಿದ್ದುದು ಅಜ್ಜಿ ಒಬ್ಬರೇ. ಖಾಲಿ ಮುಖ ಎಲ್ಲಿಂದ ತರುವುದು?

ಎರಡನೆಯ ವಾರ ಬೇಳೆ ಬಂತು, ಮೂರನೆಯ ವಾರ ಸೊಪ್ಪು, ಹಣ್ಣು, ಮಲಗುವಾಗ ಒಂದು ಲೋಟ ಹಾಲು. ಪ್ರತಿಯೊಂದಕ್ಕೂ ಭೇಷ್. ನಾಲ್ಕನೆಯ ವಾರದ ಪಟ್ಟಿಯಂತೂ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸುವ ಹಾಗಿತ್ತು. ಹುಡುಗಿ ಕೆಳಗೆ 'ಡಬ್ಬಿ ಅಗತ್ಯವಿಲ್ಲ' ಎಂದು ಬರೆದಳು. ಸದಾ ಕುತ್ತಿಗೆಗೆ ಅಳತೆ ಚಮಚದ ಗೊಂಚಲು ನೇತುಹಾಕಿಕೊಂಡಿರುತ್ತಿದ್ದ ಚಮಚದ ಮೇಡಂ, ಅಂದರೆ ಅವಳ ಮೇಲ್ವಿಚಾರಕಿ, ಒಳ್ಳೆಯ ಅಂಕ ಕೊಟ್ಟು ಸಹಿ ಹಾಕಿದರು.

ಐದನೆಯ ಬುಧವಾರ ತೂಕ. ಅಜ್ಜಿ ತೂಕದ ಯಂತ್ರ ಹತ್ತಿದರು. ನಾಲ್ಕು ಕಿಲೋ ಕಡಿಮೆ.

"ಇದು ಕೆಟ್ಟಿದೆ ಅಜ್ಜಿ, ಇಳೀರಿ," ಎಂದು ಹುಡುಗಿ ತಾನೇ ಹತ್ತಿ ನಿಂತಳು. ಈ ಊರಿಗೆ ಬಂದಾಗ ಇದ್ದದ್ದಕ್ಕಿಂತ ಮೂರು ಕಿಲೋ ಕಡಿಮೆ. ಯಂತ್ರ ಸರಿಯಾಗಿಯೇ ಇತ್ತು. ತಾನು ಬರಿಯ ಬಿಸ್ಕತ್ತು ತಿಂದು ಇಳಿದಿದ್ದೇನೆ ಎಂಬುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು?

ತಲೆ ಎತ್ತಿದರೆ ಎದುರಿನ ಗೋಡೆಯಲ್ಲಿ ಏನೇನು ತಿನ್ನಬೇಕೆಂದು ಮೊದಲ ವಾರ ಅವಳೇ ಕೊಟ್ಟಿದ್ದ ಚಿತ್ರದ ಹಾಳೆ. ಬೇಳೆ, ಸೊಪ್ಪು, ಹಣ್ಣು, ಮಲಗುವಾಗ ಒಂದು ಲೋಟ ಹಾಲು. ಅಜ್ಜಿ ವಾರ ವಾರ ಅದೇ ಕ್ರಮದಲ್ಲಿ ಒಪ್ಪಿಸಿದ್ದರು.

"ಅಜ್ಜಿ, ಇದೆಲ್ಲ ತಿಂದೇ ಇಲ್ಲ ಅಲ್ವಾ?"

ಅಜ್ಜಿ ಸೆರಗಿನ ಅಂಚು ಮಡಿಚಿದರು, ಬಿಡಿಸಿದರು. "ನೀನು ಭೇಷ್ ಅಂತಿದ್ದೆ ಕಣೇ. ಹೊಲಿಗೆ ಯಂತ್ರ ಮುಚ್ಚಿದ ಮೇಲೆ ನಂಗೆ ಯಾರೂ ಭೇಷ್ ಅಂದಿರ್ಲಿಲ್ಲ."

"ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಭೇಷ್ ಅನ್ನಿಸ್ಕೋಬೇಕಾ?"

"ಬೈಬೇಡ ಕಣೇ. ಕಳೆದ ವರ್ಷದ ಹುಡುಗಿ ಬೈದೂ ಬೈದೂ ಎರಡೇ ವಾರಕ್ಕೆ ಬರೋದು ಬಿಟ್ಲು. ನೀನೂ ಬಿಟ್ರೆ?"

ಹುಡುಗಿ ಮೆಟ್ಟಿಲಲ್ಲಿ ಕುಳಿತು ಪಟ್ಟಿಯ ಹಾಳೆ ನೋಡಿದಳು. ತೂಕದ ಜಾಗ ಇನ್ನೂ ಖಾಲಿ. ಹಳೆಯ ಸಂಖ್ಯೆಯನ್ನೇ ಬರೆದರೆ ಕೇಳುವವರಿಲ್ಲ. ತರಬೇತಿ ಮುಗಿಯುತ್ತದೆ, ಮುಂದಿನ ಬುಧವಾರವೂ ಅಜ್ಜಿಯ ಮನೆಗೆ ಬರಬಹುದು. ನಿಜ ಬರೆದರೆ ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ. ಆದರೆ ನಾಲ್ಕು ಕಿಲೋ! ಆ ಮೈಯಲ್ಲಿ ಇನ್ನು ಇಳಿಯುವುದಕ್ಕೆ ಏನಿತ್ತು? ಅವಳು ನಿಜವನ್ನೇ ಬರೆದಳು.

ಚಮಚದ ಮೇಡಂ ಕೂಗಾಡಲಿಲ್ಲ. ಅದೇ ಕಷ್ಟವಾಯಿತು. "ಡಬ್ಬಿ ಸೋಮವಾರದಿಂದ ಹೋಗತ್ತೆ," ಎಂದರು. "ಬರೆದ ಪಟ್ಟಿಯೆಲ್ಲ ಸುಳ್ಳು, ನಿನ್ನ ಆರು ವಾರ ರದ್ದು. ಇನ್ನೊಂದು ಕೇಂದ್ರದಲ್ಲಿ ಮೊದಲಿಂದ ಮಾಡು. ನಾಳೆ ಹೋಗಿ ಒಂದಾದ್ರೂ ನಿಜವಾದ ಪಟ್ಟಿ ತಗೊಂಡ್ಬಾ."

ಮರುದಿನ ಅಜ್ಜಿ ಹೇಳಿದರು, ಹುಡುಗಿ ಬರೆದಳು. ಬೆಳಿಗ್ಗೆ ಟೀ. ಮಧ್ಯಾಹ್ನ ಟೀಗೆ ಅದ್ದಿಕೊಂಡು ಒಂದು ತುಂಡು ಬ್ರೆಡ್ಡು. ರಾತ್ರಿ ಏನೂ ಇಲ್ಲ. ಎರಡೂವರೆ ಸಾಲಿನಲ್ಲಿ ಮುಗಿದುಹೋಯಿತು. ಈ ಸಲ ಅವಳು ಭೇಷ್ ಅನ್ನಲಿಲ್ಲ.

"ಈಗ ನಿಂದು ಹೇಳು," ಎಂದರು ಅಜ್ಜಿ.

ಜನ್ಮದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಅವಳು ನಿಜ ಹೇಳಿದಳು. "ಟೀ. ಆರು ಬಿಸ್ಕತ್ತು."

"ಥೂ ನಿನ್ನ! ಅಂಗೈ ಹುಣ್ಣು ನೋಡೋಕೆ ಕನ್ನಡಿ ಬೇರೆ ಹಿಡ್ಕೊಂಡು ಬಂದ್ಲು," ಎಂದು ಅಜ್ಜಿ ಅವಳ ಮುಂಗೈ ಹಿಡಿದು, ಬಟ್ಟೆಯ ಅಳತೆ ತೆಗೆಯುವವರ ಹಾಗೆ ಬೆರಳು ಸುತ್ತಿ ನೋಡಿದರು. ಇಬ್ಬರೂ ನಕ್ಕರು. ನಗು ಬೇಗ ನಿಂತಿತು, ಏಕೆಂದರೆ ಹೇಳಬೇಕಾದದ್ದು ಇನ್ನೂ ಬಾಕಿಯಿತ್ತು.

"ಅಜ್ಜಿ, ಮುಂದಿನ ವಾರದಿಂದ ನಾನು ಬರಲ್ಲ. ಬೇರೆ ಕಡೆ ಹಾಕಿದ್ದಾರೆ. ಡಬ್ಬಿ ಮಾತ್ರ ದಿನಾ ಬರತ್ತೆ. ಬಾಗಿಲ ಹತ್ರ ಇಟ್ಟು ಹೋಗ್ತಾರೆ."

ಅಜ್ಜಿ ಅವಳ ಕೈ ಬಿಡಲಿಲ್ಲ. ಬಾಗಿಲ ಕಡೆಗೊಮ್ಮೆ ನೋಡಿದರು.

"ನಿನ್ನೆ ಏನು ತಿಂದೆ ಅಂತ ಡಬ್ಬಿ ಕೇಳತ್ತೇನೇ?"

ಹುಡುಗಿ ಅಳತೆಯ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ಚೀಲಕ್ಕೆ ಹಾಕಿಕೊಂಡಳು, ಆಮೇಲೆ ಹೊರಡದೆ ಅಲ್ಲೇ ಕುಳಿತಳು.