ದೀಪ ಹೊತ್ತುವ ಮೊದಲೇ

ಬೈಕ್ ಲೈಸೆನ್ಸಿನ ಪರೀಕ್ಷೆಯಲ್ಲಿ ತಂಗಿ ಎರಡನೇ ಸಲವೂ ಡುಮ್ಕಿ ಹೊಡೆದು ಬಂದಳು. ಮನೆಯಲ್ಲಿ ಇದ್ದದ್ದು ಅವಳು, ಅಕ್ಕ ಇಬ್ಬರೇ. ಅಕ್ಕನೋ ಮೊದಲೇ ಮಾತು ಕಡಿಮೆಯವಳು.

ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಮುಟ್ಟಿಸುವುದು ತಂಗಿಯ ಕೆಲಸ. ಇಷ್ಟು ದಿನ ಸ್ಕೂಟರ್ ಲೈಸೆನ್ಸಿನಲ್ಲೇ ಬೈಕ್ ಓಡಿಸಿದರೂ ಯಾರೂ ಕೇಳುತ್ತಿರಲಿಲ್ಲ. ಈಗ ನಿಯಮ ಬಿಗಿಯಾಗಿ ಗೇರ್ ಬೈಕಿನ ಪರೀಕ್ಷೆಯನ್ನು ಬೇರೆಯಾಗಿ ಪಾಸಾಗಲೇಬೇಕು. ಲ್ಯಾಬಿನಲ್ಲಿರುವುದೆಲ್ಲ ಗೇರ್ ಬೈಕುಗಳೇ. ಪರೀಕ್ಷೆಯಲ್ಲಿ ವೇಗ ನಲವತ್ತು ಮುಟ್ಟಬೇಕು, ಮುಂದೆ ಕೆಂಪು ದೀಪ ಹೊತ್ತಿದ ಮೇಲಷ್ಟೇ ಬ್ರೇಕ್ ಹಿಡಿಯಬೇಕು, ಗೆರೆಯೊಳಗೆ ನಿಲ್ಲಬೇಕು. ದೀಪಕ್ಕೆ ಮೊದಲೇ ಹಿಡಿದರೆ ಫೇಲು. ಮೂರು ಸಲ ಫೇಲಾದವರು ಆರು ತಿಂಗಳು ಅತ್ತ ತಲೆ ಹಾಕುವಂತಿಲ್ಲ. ಅಷ್ಟು ದಿನ ಕಾಯಲು ಲ್ಯಾಬಿನ ಮ್ಯಾನೇಜರೇನು ಅವಳ ಸೋದರಮಾವನೇ? ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದ.

ದೀಪ ಹೊತ್ತುವವರೆಗೆ ಕಾಯುವುದು ತಂಗಿಯ ಕೈಲಿ ಆಗುತ್ತಿರಲಿಲ್ಲ. ಏಕೆಂದು ಇಬ್ಬರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವಾಗ ಮುಂದಿದ್ದ ಲಾರಿ ಗಕ್ಕನೆ ನಿಂತಿತ್ತು, ಇವಳು ಬ್ರೇಕ್ ಹಿಡಿದದ್ದು ತಡವಾಗಿತ್ತು. ಅಂದಿನಿಂದ ಅಕ್ಕ ಕಾಲೆಳೆದುಕೊಂಡು ನಡೆಯುತ್ತಾಳೆ, ಯಾರ ಗಾಡಿಯನ್ನೂ ಹತ್ತುವುದಿಲ್ಲ. ಆದರೆ ಆ ವಿಷಯಕ್ಕೆ ಒಂದು ದಿನವೂ ತುಟಿಪಿಟಿಕ್ಕೆಂದವಳಲ್ಲ. ನಾಲ್ಕು ಬೈದಿದ್ದರೆ ತಂಗಿಯ ಎದೆ ಎಷ್ಟೋ ಹಗುರಾಗುತ್ತಿತ್ತು.

ಮೂರನೇ ಪರೀಕ್ಷೆಯ ಹಿಂದಿನ ಸಂಜೆ ಇಬ್ಬರೂ ಲ್ಯಾಬಿನ ಬೈಕೊಂದನ್ನು ತಳ್ಳಿಕೊಂಡು ಮುಚ್ಚಿದ ಕಾರ್ಖಾನೆಯೊಂದರ ಅಂಗಳಕ್ಕೆ ಬಂದರು. ಕೊನೆಯ ಗೋಡೆಯ ಬಳಿ ಅಕ್ಕ ಕೆಂಪು ಟವೆಲ್ ಹಿಡಿದು ನಿಂತಳು, ಅದನ್ನು ಎತ್ತಿದಾಗ ಬ್ರೇಕ್ ಹಿಡಿಯಬೇಕು. ಎಷ್ಟು ಸಲ ಬಂದರೂ ಟವೆಲ್ ಮೇಲೇಳುವ ಮೊದಲೇ ತಂಗಿಯ ಬೆರಳು ಬ್ರೇಕನ್ನು ಅಮುಕಿಬಿಡುತ್ತಿತ್ತು. ಕಡೆಗೆ ಅವಳು ಹೆಲ್ಮೆಟ್ ತೆಗೆದು, ನಾಳೆ ಹೋಗುವುದೇ ಬೇಡ ಎಂದು ಬೈಕಿನ ಮೇಲೇ ಕೂತುಬಿಟ್ಟಳು.

ಅಕ್ಕ ಟವೆಲನ್ನು ಸೊಂಟಕ್ಕೆ ಸುತ್ತಿ ಕುಂಟುತ್ತ ಬಂದಳು. ಕಷ್ಟಪಟ್ಟು ಕಾಲೆತ್ತಿ ಹಿಂದಿನ ಸೀಟಿನಲ್ಲಿ ಕೂತಳು.

“ನಾನು ಬೆನ್ನು ತಟ್ಟಿದಾಗ ಹಿಡಿ. ಅಲ್ಲೀವರೆಗೂ ಮುಟ್ಟಬೇಡ.”

ತಂಗಿ ಇಳಿ ಎಂದು ಗೋಗರೆದಳು. ಅಕ್ಕ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಬೈಕು ಹೊರಟಿತು. ಮೂವತ್ತು, ನಲವತ್ತು. ಗೋಡೆಯ ಇಟ್ಟಿಗೆಗಳು ಬಿಡಿಬಿಡಿಯಾಗಿ ಕಾಣತೊಡಗಿದವು. ಅಕ್ಕನ ಕೈ ಅಲುಗಲಿಲ್ಲ. ಕೂತಲ್ಲೇ ಮರಗಟ್ಟಿದಳೇ? ಬೆರಳು ಬ್ರೇಕಿನ ಮೇಲೆ ತುಡಿಯುತ್ತಿತ್ತು. ತಂಗಿ ಹಲ್ಲು ಕಚ್ಚಿದಳು. ತಟ್ಟು, ಅಕ್ಕಾ, ತಟ್ಟೇ. ಇಟ್ಟಿಗೆಯ ಮೇಲಿನ ಪಾಚಿ ಕೂಡ ಕಂಡಿತು.

ಬೆನ್ನ ಮೇಲೆ ಏಟು ಬಿತ್ತು. ಟೈರು ಕಿರುಚಿತು. ಬೈಕು ನಿಂತಾಗ ತಂಗಿ ಕೈ ಚಾಚಿದ್ದರೆ ಗೋಡೆ ಸಿಗುತ್ತಿತ್ತು.

ಮರುದಿನ ಅವಳು ಪಾಸಾದಳು. ದೀಪ ಹೊತ್ತಿದ್ದನ್ನು ಕಣ್ಣಾರೆ ಕಂಡು, ಆಮೇಲೆ ಬ್ರೇಕ್ ಹಿಡಿದಿದ್ದಳು. ಗೇಟಿನ ಹೊರಗೆ ಕಾಯುತ್ತಿದ್ದ ಅಕ್ಕನನ್ನು ತಬ್ಬಿಕೊಂಡು, ನಿನ್ನೆ ಗೋಡೆ ಅಷ್ಟು ಹತ್ತಿರ ಬಂದಾಗ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದಳು.

“ನಾನೆಲ್ಲಿ ಗೋಡೆ ನೋಡ್ದೆ?” ಎಂದಳು ಅಕ್ಕ. “ಹೊರಟಾಗ್ಲೇ ಕಣ್ಣು ಮುಚ್ಕೊಂಡಿದ್ದೆ, ಅಂದಾಜಿನ ಮೇಲೆ ತಟ್ಟಿದ್ದು. ಬಿಟ್ಕೊಂಡಿದ್ರೆ ನಾನೂ ಮೊದಲೇ ತಟ್ಟಿಬಿಡ್ತಿದ್ದೆ ಕಣೇ.”

ತಂಗಿ ಅಕ್ಕನ ತೋಳು ಹಿಡಿದುಕೊಂಡು ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟಳು.