ಕಾಲೆತ್ತಿದರೆ ನಿಲ್ಲುವ ಎಂಜಿನ್

೧೯೪೩ನೇ ಇಸವಿ ಏಪ್ರಿಲ್ ೧೭, ಶನಿವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬಸವಾಪಟ್ಟಣದಲ್ಲಿ ಮೌಲಾಸಾಬರ ತಗಡಿನ ಶೆಡ್ಡಿನ ಮುಂದೆ ಕಾರು ಮತ್ತೆ ನಿಂತಿತು. ಪಕ್ಕದ ಸೀಟಿನಲ್ಲಿ ನನ್ನ ತಂಗಿ ಓಬವ್ವ ಕಾಲು ಮಡಚಿಕೊಂಡು ಒರಗಿದ್ದಳು. ನೋವು ಶುರುವಾಗಿ ಎರಡು ರಾತ್ರಿ ಕಳೆದಿದ್ದವು. ಮಗು ಅಡ್ಡ ಬಂದಿದೆ, ದಾವಣಗೆರೆ ಆಸ್ಪತ್ರೆಗೆ ಒಯ್ಯದಿದ್ದರೆ ತಾಯಿಯೂ ಉಳಿಯುವುದಿಲ್ಲ ಎಂದು ಚನ್ನಗಿರಿಯ ಸೂಲಗಿತ್ತಿ ಕೈಚೆಲ್ಲಿದ್ದಳು. ಓಬವ್ವನ ಗಂಡ ಸೈನ್ಯದಲ್ಲಿದ್ದ.

ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ದಾವಣಗೆರೆ ಬಸ್ಸು ಬೆಳಿಗ್ಗೆಯೇ ಹೋಗಿಬಿಟ್ಟಿತ್ತು. ಮರದ ಕಂಟ್ರಾಕ್ಟರ್ ನಾಗರಾಜಪ್ಪನವರನ್ನು ಬೇಡಿಕೊಂಡು, ಅವರು ತೋಟದ ದೊರೆಯೊಬ್ಬನಿಂದ ಕೊಂಡಿದ್ದ ಎರಡು ಸೀಟಿನ ರೇಸ್ ಕಾರನ್ನು ತಂದಿದ್ದೆ. ನಾನು ವಿಜ್ಞಾನದ ಮೇಷ್ಟ್ರು. ಅದನ್ನು ಓಡಿಸುವುದನ್ನು ಅವರಲ್ಲೇ ಕಲಿತಿದ್ದೆ. ಹೊರಡುವಾಗ ಎಂಜಿನ್ ಚೆನ್ನಾಗಿತ್ತು. ಬಿಸಿಯೇರಿದ ಮೇಲೆ, ಪೆಡಲಿನಿಂದ ಕಾಲೆತ್ತಿದರೆ ಸಾಕು, ಏದುಸಿರು ಬಿಟ್ಟು ನಡುಗಿ ನಿಂತುಬಿಡುತ್ತಿತ್ತು.

ಮೌಲಾಸಾಬರು ಸ್ಟವ್ವು, ಸೈಕಲ್ಲು, ತೋಟದ ಪಂಪು ರಿಪೇರಿ ಮಾಡುವವರು. "ಏನ್ರೀ ಮೇಷ್ಟ್ರೇ, ನಾಗರಾಜಪ್ನೋರ ಕುದುರೆ ಮುಗ್ಗರಿಸಾಕೆ ಹತ್ತೈತಲ್ಲ" ಎನ್ನುತ್ತ ಬಂದವರು ಓಬವ್ವನನ್ನು ಕಂಡು ದನಿ ತಗ್ಗಿಸಿ ಹೆಂಡತಿಯನ್ನು ಕರೆದರು. ಶಹರಬಾನು ನೀರು ತಂದು ಓಬವ್ವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

"ಕಾಲು ಎತ್ತಲೇಬ್ಯಾಡ್ರಿ. ಒತ್ತಿ ಹಿಡ್ಕೊಂಡೇ ಹೊಡೀರಿ" ಎಂದರು ಸಾಬರು.

"ಮುಂದೆ ಹಳ್ಳ ಐತಲ್ರೀ. ಮರಳಾಗೆ ಮೆಲ್ಲಗೆ ಇಳೀಬೇಕು. ನಡುವೆ ನಿಂತ್ರೆ ಬಿಸಿ ಎಂಜಿನ್ನು ಹ್ಯಾಂಡಲ್ ತಿರುಗಿಸಿದ್ರೂ ಬೇಗ ಹತ್ತಲ್ಲ. ಈ ಬಿಸಿಲಾಗೆ ಇವಳನ್ನ ಇಟ್ಕೊಂಡು ನಾನೇನ್ ಮಾಡ್ಲಿ?"

ನನಗೆ ಪೆಟ್ರೋಲಿನ ಮೇಲೆ ಅನುಮಾನ. ರೇಷನ್ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವುದು ಆಗ ಮಾಮೂಲಾಗಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡೂ ಕಾರ್ಬುರೇಟರ್ ಬಿಚ್ಚಿ, ತೊಳೆದು, ಮೂಸಿ ನೋಡಿದೆ. ಸೀಮೆಎಣ್ಣೆಯ ವಾಸನೆ ಇರಲಿಲ್ಲ. ಅಷ್ಟೂ ಹೊತ್ತು ವ್ಯರ್ಥವಾಯಿತು. ಆಮೇಲೆ ಕಿಡಿ ಹಾರಿಸುವ ಪ್ಲಗ್‌ಗಳನ್ನು ಬಿಚ್ಚಿದೆ. ಅದನ್ನು ಮೊದಲೇ ಮಾಡಬೇಕಿತ್ತು. ತುದಿಗಳು ಸುಣ್ಣದಂತೆ ಬೆಳ್ಳಗಿದ್ದವು. ಅಂದರೆ ಎಂಜಿನ್ನಿಗೆ ಪೆಟ್ರೋಲಿನ ಅಳತೆಗೆ ಮೀರಿ ಗಾಳಿ ಹೋಗುತ್ತಿತ್ತು.

"ಅಣ್ಣ, ಎತ್ತಿನ ಗಾಡಿ ಹೂಡಿದ್ರೆ ಇಷ್ಟೊತ್ತಿಗೆ ಹಳ್ಳ ದಾಟಿರ್ತಿತ್ತು" ಎಂದಳು ಓಬವ್ವ, ಹಲ್ಲು ಕಚ್ಚಿಕೊಂಡು. ಹೊಟ್ಟೆಯ ಮೇಲೆ ಕೈಯಿಟ್ಟು, "ಬೆಳಿಗ್ಗೆ ಒದೀತಿತ್ತು. ಈಗ ಸುಮ್ನೆ ಐತೆ" ಎಂದಳು.

ಶಹರಬಾನು, "ಮಲಗೈತೆ ಬಿಡವ್ವ" ಎಂದಳು.

ಸಾಬರು ಹ್ಯಾಂಡಲ್ ತಿರುಗಿಸಿ ತಿರುಗಿಸಿ, ಬೆವರಿ, ಕೊನೆಗೆ ಎಂಜಿನ್ ಹತ್ತಿಸಿದರು. ನಾನು ಹಿತ್ತಲಿನ ಪರಂಗಿ ಎಲೆಯ ಟೊಳ್ಳು ದಂಟನ್ನು ಮುರಿದು ತಂದು, ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ನನ್ನ ಕಿವಿಗೆ ಹಿಡಿದೆ. ಎರಡರ ಉಸಿರೂ ಒಂದೇ ಸಮ. ಅಂದರೆ ಹೆಚ್ಚಿನ ಗಾಳಿ ಅವುಗಳ ಬಾಯಿಂದ ಬರುತ್ತಿಲ್ಲ, ಅವುಗಳ ಆಚೆ ಎಲ್ಲೋ ನುಸುಳುತ್ತಿದೆ. ಬೆಳಿಗ್ಗೆ ತಣ್ಣಗಿದ್ದಾಗ ಇಲ್ಲದ ಸಂದು, ಬಿಸಿಯಾದಾಗ ಬಾಯಿ ಬಿಡುತ್ತಿದೆ.

"ಹರಳೆಣ್ಣೆ ಐತೇನ್ರೀ?"

ಕೋಳಿ ಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ ಒಂದೊಂದೇ ಕೂಡುಜಾಗಕ್ಕೆ ಸವರುತ್ತ ಹೋದೆ. ಹಿಂದಿನ ಕಾರ್ಬುರೇಟರ್ ಎಂಜಿನ್ನಿಗೆ ಕೂಡುವಲ್ಲಿ ಸವರಿದಾಗ ಸಂದು ಎಣ್ಣೆಯನ್ನು ಒಳಗೆ ಎಳೆದುಕೊಂಡಿತು. ನಡುಕ ನಿಂತು ಎಂಜಿನ್ ಸಮನಾಗಿ ಓಡಿತು. ಎಣ್ಣೆ ಹೀರಿ ಮುಗಿಯುತ್ತಲೇ ಮತ್ತೆ ಏದುಸಿರು.

ಬಿಚ್ಚಿದಾಗ ಅಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ಟಿನ ಬದಲು ಕತ್ತರಿಸಿ ಇಟ್ಟ ಅಡಿಕೆ ಹಾಳೆ ಸಿಕ್ಕಿತು. ಒಣಗಿ, ಮುರುಟಿ, ಒಂದು ಅಂಚು ಮೇಲೆದ್ದಿತ್ತು.

ಸಾಬರ ಮುಖ ಬಾಡಿತು. "ನಾನೇ ಹಾಕಿದ್ದು, ಹೋದ ತಿಂಗಳು. ಈ ಯುದ್ಧದಾಗೆ ಗ್ಯಾಸ್ಕೆಟ್ ಎಲ್ಲಿ ಸಿಗ್ತೈತೆ? ಊರಿನ ಪಂಪಿಗೆಲ್ಲ ಹಾಳೇನೇ ಹಾಕಿದ್ದೀನಿ ಮೇಷ್ಟ್ರೇ. ಒಂದೂ ಸೋರಿಲ್ಲ."

"ಪಂಪಿನಾಗೆ ನೀರಿರ್ತೈತೆ ಸಾಬ್ರೆ, ಹಾಳೆ ನೆನೆದು ಉಬ್ಬಿ ಕೂರ್ತೈತೆ. ಇಲ್ಲಿ ಬೆಂಕಿ."

ಶಹರಬಾನು ಬಳೆ ಮಾರುವವಳು. ಸಾಬರು ಅವಳ ಬಳೆಗಳನ್ನು ನೆಲಕ್ಕೆ ಸುರಿದು, ಪೆಟ್ಟಿಗೆಯ ರಟ್ಟು ಹರಿದು, ಅಳತೆಗೆ ಕತ್ತರಿಸಿ ಎಣ್ಣೆಯಲ್ಲಿ ಅದ್ದಿ ಕೊಟ್ಟರು. ಕಾದ ನಟ್ಟುಗಳನ್ನು ಬರಿಗೈಯಲ್ಲೇ ಬಿಗಿದರು. ಬೆರಳು ಸುಟ್ಟ ವಾಸನೆ ನನಗೆ ಬಂತು. ಹ್ಯಾಂಡಲ್ ತಿರುಗಿತು. ಕಾಲೆತ್ತಿದೆ. ಎಂಜಿನ್ ನಿಲ್ಲಲಿಲ್ಲ.

ಹಳ್ಳದ ಮರಳಿಗೆ ಮೆಲ್ಲಗೆ ಇಳಿದೆ, ಮೆಲ್ಲಗೆ ಹತ್ತಿದೆ. ಆಚೆ ದಡದಲ್ಲಿ ಕರೆದರೆ ಓಬವ್ವ ಓಗೊಡಲಿಲ್ಲ. ಕಾರಿಗೆ ಎಷ್ಟು ವೇಗವಿತ್ತೋ ಅಷ್ಟನ್ನೂ ಬಳಸಿದೆ.

ದಾವಣಗೆರೆ ಆಸ್ಪತ್ರೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ ನರ್ಸಮ್ಮ ಹೊರಗೆ ಬಂದು, ತಾಯಿ ಉಳಿದುಕೊಂಡಳು ಎಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ನನ್ನ ಕೈಗೆ ಕೊಟ್ಟಳು. ಗಂಡು. ಉಸಿರಿರಲಿಲ್ಲ. ತೂಗಿದ್ದೀರಾ ಎಂದು ಕೇಳಿದೆ. ಯಾಕೆ ಕೇಳಿದೆನೋ ತಿಳಿಯದು. ತೂಗಿದ್ದೇವೆ ಎಂದಳು. ಆರು ಪೌಂಡ್ ಹನ್ನೊಂದು ಔನ್ಸ್.